ಹೆದರಿಕೆಯೋ, ಪ್ಯಾನಿಕ್ ಅಟ್ಯಾಕೋ? ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಎದೆ ಡವಡವ ಹೊಡೆದುಕೊಂಡು, ಉಸಿರು ಸಾಲದೆ, ಇವತ್ತಿಗೆ ನನ್ನ ಕಥೆ ಮುಗೀತು ಅನ್ನಿಸಿ ಆಸ್ಪತ್ರೆಗೆ ಓಡಿದವರು ಎಷ್ಟೋ ಜನ. ಅಲ್ಲಿ ಅವರಿಗೆ ಸಿಗುವುದು ‘ಏನೂ ಇಲ್ಲ, ಟೆನ್ಶನ್ ಮಾಡ್ಕೋಬೇಡಿ’ ಎಂಬ ಒಂದು ಮಾತು. ಏನೂ ಇಲ್ಲದಿದ್ದರೆ ಆಗಿದ್ದೇನು ಎಂಬುದನ್ನು ಯಾರೂ ಹೇಳುವುದಿಲ್ಲ. ಅಂಥವರಿಗೆ ಮತ್ತು ಅವರ ಮನೆಯವರಿಗೆ ಈ ಉತ್ತರಗಳು.

ಹೆದರಿಕೆ ಎಲ್ಲರಿಗೂ ಆಗುತ್ತದೆ. ಪ್ಯಾನಿಕ್ ಅಟ್ಯಾಕ್ ಅದಕ್ಕಿಂತ ಹೇಗೆ ಬೇರೆ?

ಹೆದರಿಕೆಗೆ ಕಣ್ಣೆದುರು ಒಂದು ಕಾರಣ ಇರುತ್ತದೆ. ತೋಟದಲ್ಲಿ ಸೊಪ್ಪು ಸರಿಸುವಾಗ ಹಾವು ಕಂಡಿತು ಅನ್ನಿ. ಎದೆ ಹಾರುತ್ತದೆ, ಕೈ ನಡುಗುತ್ತದೆ, ಮೈ ಬೆವರುತ್ತದೆ. ಹಾವು ಸರಿದು ಹೋದ ಮೇಲೆ ಮೈಯೂ ತಣಿಯುತ್ತದೆ. ಸಂಜೆ ಜಗಲಿಯಲ್ಲಿ ಕೂತು ಅದನ್ನೇ ರಂಜಿಸಿ ಹೇಳುತ್ತೀರಿ.

ಪ್ಯಾನಿಕ್ ಅಟ್ಯಾಕ್‌ನಲ್ಲಿ ಆಗುವುದೂ ಅದೇ ಎದೆಬಡಿತ, ಅದೇ ಬೆವರು. ಎದುರಿಗೆ ಹಾವು ಮಾತ್ರ ಇಲ್ಲ. ಊಟ ಮಾಡಿ ಕೈ ತೊಳೆಯುವಾಗಲೋ, ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೋ ಧುತ್ತೆಂದು ಏರುತ್ತದೆ. ಸಾಮಾನ್ಯವಾಗಿ 10 ನಿಮಿಷದೊಳಗೆ ತುತ್ತತುದಿ ಮುಟ್ಟಿ, ಅರ್ಧ ಗಂಟೆಯೊಳಗೆ ಹೆಚ್ಚಿನ ಪಾಲು ಇಳಿದಿರುತ್ತದೆ. ಹೊರಗೆ ಕಾರಣ ಕಾಣದಿದ್ದಾಗ ಮನಸ್ಸು ಒಳಗೆ ಹುಡುಕುತ್ತದೆ: ಹೃದಯ ನಿಲ್ಲುತ್ತಿದೆ, ಮಿದುಳಿನ ನರ ಒಡೆದಿದೆ, ಹುಚ್ಚು ಹಿಡಿಯುತ್ತಿದೆ. ಮೊದಲಿನವನು ಹಾವಿಗೆ ಹೆದರಿದ. ಇವನು ತನ್ನದೇ ಎದೆಬಡಿತಕ್ಕೆ ಹೆದರುತ್ತಿದ್ದಾನೆ. ಹೆದರಿದಷ್ಟೂ ಬಡಿತ ಏರುತ್ತದೆ, ಏರಿದಷ್ಟೂ ಹೆದರಿಕೆ ಹೆಚ್ಚುತ್ತದೆ. 1986ರಲ್ಲಿ ಬ್ರಿಟನ್ನಿನ ಮನಃಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ವಿವರಿಸಿದ್ದು ಈ ಸುಳಿಯನ್ನೇ. ಇಂದಿನ ಮಾತಿನ ಚಿಕಿತ್ಸೆ ಬಹುಪಾಲು ಅದರ ಮೇಲೇ ನಿಂತಿದೆ.

ಮಗಳ ಮದುವೆ, ಅಡಿಕೆಯ ಕೊಳೆರೋಗ, ಸೊಸೈಟಿ ಸಾಲ ಎಂದು ವಾರಗಟ್ಟಲೆ ಮನಸ್ಸು ಕೊರೆಯುವುದು ಮೂರನೆಯ ಬಗೆ. ಅದು ಚಿಂತೆ, ಆತಂಕ. ಅದು ನಿಧಾನಕ್ಕೆ ಬೇಯುವಂಥದ್ದು. ಪ್ಯಾನಿಕ್ ಅಟ್ಯಾಕ್ ಹಾಲು ಉಕ್ಕಿದ ಹಾಗೆ.

ಪ್ಯಾನಿಕ್ ಅಟ್ಯಾಕ್ ಎನ್ನಲು ಯಾವ ಯಾವ ಲಕ್ಷಣ ಇರಬೇಕು?

ವೈದ್ಯರು 13 ಲಕ್ಷಣಗಳ ಪಟ್ಟಿ ನೋಡುತ್ತಾರೆ: ಎದೆಬಡಿತ, ಬೆವರು, ನಡುಕ, ಉಸಿರು ಸಾಲದಿರುವುದು, ಗಂಟಲು ಕಟ್ಟಿದಂತಾಗುವುದು, ಎದೆನೋವು, ಹೊಟ್ಟೆ ತೊಳಸುವುದು, ತಲೆಸುತ್ತು, ಚಳಿ ಅಥವಾ ಬಿಸಿ ಏರುವುದು, ಕೈಕಾಲು ಜೋಮು, ಸುತ್ತಲಿನದೆಲ್ಲ ಕನಸಿನಂತೆ ಅಥವಾ ತನ್ನ ಮೈ ತನ್ನದಲ್ಲ ಎಂಬಂತೆ ಆಗುವುದು, ಹತೋಟಿ ತಪ್ಪುತ್ತದೆಂಬ ಭಯ, ಸಾವಿನ ಭಯ. ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಒಟ್ಟಿಗೆ ನುಗ್ಗಿ ಬಂದರೆ ಅದು ಪ್ಯಾನಿಕ್ ಅಟ್ಯಾಕ್. ಎರಡು ಮೂರೇ ಇದ್ದರೆ ಸಣ್ಣ ಅಟ್ಯಾಕ್. ಹೆಸರು ಸಣ್ಣದಾದರೂ ಅನುಭವಿಸುವವರಿಗೆ ಕಷ್ಟ ಸಣ್ಣದಲ್ಲ.

ಒಂದು ಸಲ ಬಂದರೆ ಕಾಯಿಲೆ ಅಂತಲೇ ಅರ್ಥವೇ?

ಅಲ್ಲ. ಜೀವಮಾನದಲ್ಲಿ ಒಂದೋ ಎರಡೋ ಸಲ ಬಂದು ಮತ್ತೆ ಬಾರದವರು ಬಹಳ ಜನ. ಕಾರಣ ಕಾಣದೆ ಮತ್ತೆ ಮತ್ತೆ ಬಂದು, ‘ಮುಂದಿನದು ಯಾವಾಗ’ ಎಂಬ ಕಾಯುವಿಕೆ ಒಂದು ತಿಂಗಳಾದರೂ ಬಿಡದೆ ಕಾಡಿದರೆ, ಇಲ್ಲವೇ ಅದಕ್ಕಾಗಿ ದಿನಚರಿಯೇ ಬದಲಾದರೆ, ಅದಕ್ಕೆ ಪ್ಯಾನಿಕ್ ಡಿಸಾರ್ಡರ್ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಸಾಮಾನ್ಯವಾಗಿ ಶುರುವಾಗುವುದು ಹರೆಯದ ಕೊನೆಯಿಂದ ಮೂವತ್ತು ಮೂವತ್ತೈದರೊಳಗೆ. 50 ದಾಟಿದ ಮೇಲೆ ಮೊದಲ ಸಲ ಬಂದರೆ ಮೊದಲು ದೇಹದ ಕಾಯಿಲೆಯನ್ನೇ ಹುಡುಕಬೇಕು.

ಸಂತೆಗೆ ಹೋಗುವುದು ಬಿಟ್ಟಿರಾ? ಒಬ್ಬರೇ ಮನೆಯಲ್ಲಿ ಉಳಿಯುವುದಿಲ್ಲವಾ? ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬೆ ಜಾತ್ರೆಗೂ ‘ಈ ಸಲ ಬೇಡ’ ಅಂದಿರಾ? ಅಟ್ಯಾಕ್ ಎಷ್ಟು ಸಲ ಬಂತು ಎನ್ನುವುದಕ್ಕಿಂತ ಈ ಉತ್ತರಗಳೇ ನಮಗೆ ಹೆಚ್ಚು ಹೇಳುತ್ತವೆ.

ಆ ಹತ್ತು ನಿಮಿಷದಲ್ಲಿ ಮೈಯೊಳಗೆ ಆಗುವುದೇನು?

ಅಪಾಯ ಕಂಡಾಗ ಓಡಲು ಅಥವಾ ಹೊಡೆದಾಡಲು ದೇಹ ಸಜ್ಜಾಗುತ್ತದೆ. ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಬಾದಾಮಿಯಷ್ಟು ಭಾಗ ಗಂಟೆ ಬಾರಿಸುತ್ತದೆ. ಮೂತ್ರಪಿಂಡದ ಮೇಲೆ ಕೂತ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ನಾಡಿ ಮಿನಿಟಿಗೆ 75 ಇದ್ದದ್ದು 110, 120 ಆಗುತ್ತದೆ. ಓಡಬೇಕಾದ ತೊಡೆಗೆ ರಕ್ತ ಹೆಚ್ಚು, ಹೊಟ್ಟೆಗೆ ಕಡಿಮೆ, ಅದಕ್ಕೇ ಹೊಟ್ಟೆ ತೊಳಸುವುದು. ಪ್ಯಾನಿಕ್‌ನಲ್ಲಿ ಈ ಗಂಟೆ ಸುಳ್ಳೇ ಬಾರಿಸಿರುತ್ತದೆ, ಅಷ್ಟೇ. ಬೆಂಕಿ ಬಿದ್ದಿರುವುದಿಲ್ಲ.

ಉಸಿರಿನ ಕಥೆ ಇನ್ನೂ ಮುಖ್ಯ. ಕೂತಿರುವಾಗ ಮಿನಿಟಿಗೆ 12ರಿಂದ 18 ಉಸಿರು ಸಾಕು. ಗಾಬರಿಯಲ್ಲಿ ಅದು 25, 30 ಆಗುತ್ತದೆ. ಅಷ್ಟು ಜೋರಾಗಿ ಉಸಿರಾಡಿದರೆ ಆಮ್ಲಜನಕ ಹೆಚ್ಚುವುದಿಲ್ಲ, ಅದು ಮೊದಲೇ ತುಂಬಿರುತ್ತದೆ. ಕಡಿಮೆಯಾಗುವುದು ರಕ್ತದ ಇಂಗಾಲದ ಡೈಆಕ್ಸೈಡ್. ಅದು ಇಳಿದರೆ ಮಿದುಳಿನ ರಕ್ತನಾಳ ಸ್ವಲ್ಪ ಕುಗ್ಗಿ ತಲೆ ಹಗುರಾಗುತ್ತದೆ. ರಕ್ತದಲ್ಲಿ ಕೆಲಸಕ್ಕೊದಗುವ ಕ್ಯಾಲ್ಸಿಯಂ ತಾತ್ಕಾಲಿಕವಾಗಿ ಇಳಿದು ತುಟಿ ಸುತ್ತ, ಬೆರಳ ತುದಿಯಲ್ಲಿ ಜೋಮು ಹಿಡಿಯುತ್ತದೆ. ಹೆಚ್ಚಾದರೆ ಹೆಬ್ಬೆರಳು ಅಂಗೈ ಕಡೆ ಮಡಚಿ, ಉಳಿದ ನಾಲ್ಕು ಬೆರಳು ನೇರ ನಿಂತು ಒಂದಕ್ಕೊಂದು ಒತ್ತಿಕೊಂಡು, ಮಣಿಕಟ್ಟು ಒಳಕ್ಕೆ ಬಾಗುತ್ತದೆ. ಇದನ್ನು ನೋಡಿ ಮನೆಯವರು ಲಕ್ವ ಹೊಡೆಯಿತು ಎಂದು ಕೂಗುವುದುಂಟು, ಮೂರ್ಛೆರೋಗ ಎಂದು ಕೈಗೆ ಕಬ್ಬಿಣ ಕೊಡುವುದುಂಟು. ಉಸಿರು ನಿಧಾನವಾದರೆ ಕೆಲವೇ ನಿಮಿಷದಲ್ಲಿ ಬೆರಳು ತಾನಾಗಿ ಬಿಚ್ಚುತ್ತದೆ. ಒಂದೇ ಬದಿಯ ಕೈಕಾಲು ಸೋತರೆ, ಬಾಯಿ ವಾರೆಯಾದರೆ, ಮಾತು ತೊದಲಿದರೆ ಮಾತ್ರ ಕಾಯಬೇಡಿ. ಅದು ಲಕ್ವ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅಟ್ಯಾಕ್ ಹೊತ್ತಿಗೆ ಒಮ್ಮೆ ಬೆರಳಿಗೆ ಹಾಕಿ. ಜೀವವೇ ಹೋಗುತ್ತಿದೆ ಅನ್ನಿಸುವಾಗಲೂ ಅದು 98, 99 ತೋರಿಸುತ್ತಿರುತ್ತದೆ. 94ಕ್ಕಿಂತ ಕಡಿಮೆ ತೋರಿಸಿದರೆ ಅದು ಬರೀ ಪ್ಯಾನಿಕ್ ಆಗಿರಲಿಕ್ಕಿಲ್ಲ, ವೈದ್ಯರಿಗೆ ತೋರಿಸಿ. ಒಮ್ಮೆ ಹಾಕಿ ಎಂದದ್ದು ಒಮ್ಮೆಯೇ. ದಿನಕ್ಕೆ ಇಪ್ಪತ್ತು ಸಲ ಹಾಕಿ ನೋಡುವುದು ಕಾಯಿಲೆಯನ್ನು ಸಾಕುತ್ತದೆ.

ತಲೆ ತಿರುಗಿ ಬಿದ್ದುಬಿಡುತ್ತೇನೆ ಅನ್ನಿಸುತ್ತದೆ. ಬೀಳುತ್ತೇನಾ?

ಪ್ರಜ್ಞೆ ತಪ್ಪಬೇಕಾದರೆ ಬಿಪಿ ಇಳಿಯಬೇಕು. ಪ್ಯಾನಿಕ್‌ನಲ್ಲಿ ಬಿಪಿ ಏರಿರುತ್ತದೆ. ಹಾಗಾಗಿ ಬೀಳುವುದು ಅಪರೂಪ. ರಕ್ತ ಅಥವಾ ಸೂಜಿ ನೋಡಿದರೆ ಕಣ್ಣು ಕತ್ತಲೆ ಬರುವವರು ಬೇರೆ, ಅವರಿಗೆ ನಿಜಕ್ಕೂ ಬಿಪಿ ಇಳಿಯುತ್ತದೆ. ನಿಜವಾಗಿ ಪ್ರಜ್ಞೆ ತಪ್ಪಿ ಬಿದ್ದವರು ಹೃದಯ ಮತ್ತು ನರದ ತಪಾಸಣೆ ಮಾಡಿಸಲೇಬೇಕು.

ಇದು ಹಾರ್ಟ್ ಅಟ್ಯಾಕ್ ಅಲ್ಲ ಎಂದು ಮನೆಯಲ್ಲೇ ತಿಳಿಯಬಹುದಾ?

ಮೊದಲ ಸಲ ತಿಳಿಯಲಾಗುವುದಿಲ್ಲ. ನಮಗೂ ಆಗುವುದಿಲ್ಲ, ಯಾವ ವೈದ್ಯರಿಗೂ ಇಸಿಜಿ ಇಲ್ಲದೆ ಆಗುವುದಿಲ್ಲ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಹೃದ್ರೋಗ ಆಸ್ಪತ್ರೆಗೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗಬೇಕು, ನಡುವೆ ಘಟ್ಟ ಅಥವಾ ಹೆದ್ದಾರಿಯ ಎರಡು ಮೂರು ತಾಸು. ‘ಗ್ಯಾಸ್ ಇರಬೇಕು’ ಎಂದು ಮನೆಯಲ್ಲಿ ಕಳೆದ ಒಂದು ತಾಸಿಗೆ ಇಲ್ಲಿ ಬೆಲೆ ಹೆಚ್ಚು.

ಸಾಮಾನ್ಯವಾಗಿ ಕಾಣುವ ವ್ಯತ್ಯಾಸ ಹೀಗೆ. ಹೃದಯದ ನೋವು ದರೆ ಏರುವಾಗ, ಹೊರೆ ಹೊರುವಾಗ ಬಂದು ಕೂತರೆ ಕಡಿಮೆಯಾಗುವುದುಂಟು. ಎದೆಯ ಮೇಲೆ ಭಾರದ ಕಲ್ಲಿಟ್ಟ ಹಾಗೆ ಒತ್ತಿ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುತ್ತದೆ. 15–20 ನಿಮಿಷವಾದರೂ ಇಳಿಯದೆ ಏರುತ್ತಲೇ ಹೋಗಬಹುದು. ಪ್ಯಾನಿಕ್‌ನ ನೋವು ಹೆಚ್ಚಾಗಿ ಚುಚ್ಚಿದ ಹಾಗೆ, ಬೆರಳಿಟ್ಟು ಇಲ್ಲೇ ಎಂದು ತೋರಿಸುವ ಹಾಗೆ ಇರುತ್ತದೆ. ಜೋಮು ಎರಡೂ ಕೈಗೆ ಬರುತ್ತದೆ. ಆದರೆ ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹಾರ್ಟ್ ಅಟ್ಯಾಕ್ ಎದೆನೋವೇ ಇಲ್ಲದೆ ಬರೀ ಬೆವರು, ಸುಸ್ತು, ವಾಂತಿಯಾಗಿಯೂ ಬರುತ್ತದೆ. ಆದ್ದರಿಂದ ಈ ವ್ಯತ್ಯಾಸ ತಿಳಿದಿರಲಿ, ತೀರ್ಮಾನ ಇಸಿಜಿ ನೋಡಿದ ವೈದ್ಯರಿಗೆ ಬಿಡಿ.

108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. 2023ರಲ್ಲಿ ಶುರುವಾದ ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ: ತಾಲೂಕು ಮಟ್ಟದಲ್ಲಿ ಇಸಿಜಿ ತೆಗೆದು, ಅದನ್ನು ಹೃದ್ರೋಗ ತಜ್ಞರಿಂದ ಓದಿಸಿ, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು. ಆಸ್ಪತ್ರೆ ತಲುಪಿದ 10 ನಿಮಿಷದಲ್ಲಿ ಇಸಿಜಿ ಆಗಬೇಕು ಎಂಬುದು ನಿಯಮ. ಬಾಗಿಲಲ್ಲೇ ‘ಎದೆನೋವು’ ಎಂಬ ಪದವನ್ನು ಸ್ಪಷ್ಟವಾಗಿ ಹೇಳಿ. ‘ಒಂಥರಾ ಆಗ್ತಿದೆ’ ಅಂದರೆ ಚೀಟಿ ಸಾಲಿನಲ್ಲಿ ಕೂರಿಸುತ್ತಾರೆ.

ಇಸಿಜಿ ನಾರ್ಮಲ್ ಬಂತು. ಇನ್ನೇನು ನೋಡಿಸಬೇಕು?

ಥೈರಾಯ್ಡ್ ಹೆಚ್ಚಾದರೆ ಪ್ಯಾನಿಕ್‌ನಂತೆಯೇ ಕಾಣುತ್ತದೆ, ಅದಕ್ಕೆ ಟಿಎಸ್‌ಎಚ್ ಪರೀಕ್ಷೆ. ರಕ್ತ ಕಡಿಮೆಯಿದ್ದರೆ ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೆ ಹಿಮೋಗ್ಲೋಬಿನ್. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ನಡುಕ, ಬೆವರು ಬರುತ್ತದೆ. ಅಂಥವರು ಅಟ್ಯಾಕ್ ಹೊತ್ತಿಗೇ ಗ್ಲುಕೋಮೀಟರ್‌ನಲ್ಲಿ ನೋಡಬೇಕು. ಆಸ್ತಮಾದ ಪಂಪ್, ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಮಾತ್ರೆಗಳೂ ಎದೆಬಡಿತ ಏರಿಸುತ್ತವೆ.

ನಾಡಿ ಸ್ವಿಚ್ ಹಾಕಿದ ಹಾಗೆ ಒಮ್ಮೆಲೇ 160, 180ಕ್ಕೆ ಹಾರಿ, ಸ್ವಿಚ್ ತೆಗೆದ ಹಾಗೆ ಒಮ್ಮೆಲೇ ನಿಲ್ಲುತ್ತದಾ? ಅದು ಹೃದಯದ ವಿದ್ಯುತ್ ದಾರಿಯ ತೊಂದರೆ ಇರಬಹುದು. ಪ್ಯಾನಿಕ್‌ನ ಬಡಿತ ಏರುವುದು ಬೇಗ, ಇಳಿಯುವುದು ನಿಧಾನ. ಅನುಮಾನವಿದ್ದರೆ 24 ಗಂಟೆ ಮೈಮೇಲೆ ಇರುವ ಹೋಲ್ಟರ್ ಯಂತ್ರ ಹಾಕಿ ನೋಡುತ್ತಾರೆ.

ಇಷ್ಟನ್ನು ಒಂದು ಸಲ, ಸರಿಯಾಗಿ ಮಾಡಿಸಿ. ಮಾಡಿಸಿ ಮುಗಿದ ಮೇಲೆ ನಿಲ್ಲಿಸಿ. ಪ್ರತಿ ತಿಂಗಳು ಇಸಿಜಿ, ಪ್ರತಿ ಊರಿನಲ್ಲಿ ಹೊಸ ಡಾಕ್ಟರು, ಹೊಸ ಎಕೋ ಎಂದು ಫೈಲು ದಪ್ಪವಾಗುತ್ತ ಹೋದಂತೆ ಹೆದರಿಕೆಯೂ ದಪ್ಪವಾಗುತ್ತದೆ. ‘ನಾರ್ಮಲ್’ ಎಂಬ ಸಮಾಧಾನ ಎರಡು ದಿನ ಇರುತ್ತದೆ, ಮೂರನೆಯ ದಿನ ಮತ್ತೆ ಅನುಮಾನ. ಲಕ್ಷಣದ ಸ್ವರೂಪವೇ ಬದಲಾದರೆ ಮಾತ್ರ ಮತ್ತೆ ತೋರಿಸಬೇಕು.

ಕವಳ (ಎಲೆ ಅಡಿಕೆ) ಹಾಕಿದಾಗ ಹೀಗೇ ಆಗುತ್ತದಲ್ಲ? ಚಹಾ, ಕಾಫಿ ಬಿಡಬೇಕಾ?

ಶಿರಸಿ, ಸಿದ್ದಾಪುರ ಕಡೆಯವರಿಗೆ ‘ಅಡಿಕೆ ಸೊಕ್ಕುವುದು’ ಎಂದರೆ ವಿವರಿಸಬೇಕಿಲ್ಲ. ಸೊಕ್ಕುವ ಅಡಿಕೆ ಬಾಯಿಗೆ ಬಿದ್ದರೆ ಕಿವಿ ಬಿಸಿಯಾಗಿ, ಹಣೆ ಬೆವರಿ, ಎದೆ ಬಿಗಿದು, ತಲೆ ಗಿರ್ ಎನ್ನುತ್ತದೆ. ಅದು ಅಡಿಕೆಯಲ್ಲಿರುವ ಅರೆಕೋಲಿನ್ ಮಾಡುವ ಕೆಲಸ. ಸೊಕ್ಕಿದವನನ್ನು ಯಾರೂ ಆಂಬುಲೆನ್ಸಿಗೆ ಹಾಕುವುದಿಲ್ಲ. ‘ಅಡಿಕೆ ಸೊಕ್ಕಿತು, ಉಗುಳು, ಸ್ವಲ್ಪ ಕೂತ್ಕೋ’ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಯಾಕೆ ಹೆದರಿಕೆ ಆಗಲಿಲ್ಲ? ಏನಾಯಿತು ಎಂಬುದಕ್ಕೆ ಹೆಸರು ಗೊತ್ತಿತ್ತು, ಇಳಿಯುತ್ತದೆ ಎಂಬುದೂ ಗೊತ್ತಿತ್ತು. ಪ್ಯಾನಿಕ್ ಅಟ್ಯಾಕ್ ಅರ್ಥ ಮಾಡಿಸಲು ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಅಡ್ರಿನಲಿನ್ ಸೊಕ್ಕಿದೆ ಅಂದುಕೊಳ್ಳಿ.

ಆದರೆ ಪ್ಯಾನಿಕ್ ಇರುವವರಿಗೆ ಕವಳ, ತಂಬಾಕು ಅದೇ ಬಡಿತವನ್ನು ಎಬ್ಬಿಸಿ ಅಟ್ಯಾಕ್‌ಗೆ ಕಿಡಿಯಾಗಬಹುದು. ಬಾಯಿ ಕ್ಯಾನ್ಸರಿನ ಕಾರಣಕ್ಕೆ ಹೇಗೂ ಬಿಡಬೇಕಾದದ್ದೇ. ಒಂದು ಲೋಟ ಕಾಫಿಯಲ್ಲಿ ಸುಮಾರು 60–100 ಮಿಲಿಗ್ರಾಂ, ಚಹಾದಲ್ಲಿ 30–50 ಮಿಲಿಗ್ರಾಂ ಕೆಫೀನ್ ಇರುತ್ತದೆ. ಎರಡು ವಾರ ದಿನಕ್ಕೆ ಒಂದೇ ಲೋಟಕ್ಕೆ ಇಳಿಸಿ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಒಮ್ಮೆಲೇ ಪೂರ್ತಿ ಬಿಟ್ಟರೆ ತಲೆನೋವು ಬರುತ್ತದೆ. ದಿನಕ್ಕೆ ಅರ್ಧ ಲೋಟದಂತೆ ಕಡಿಮೆ ಮಾಡಿ.

ಸರಾಯಿ ಕುಡಿದರೆ ಕಡಿಮೆಯಾಗುತ್ತದೆ ಅನ್ನುತ್ತಾರೆ.

ಆ ಹೊತ್ತಿಗೆ ಕಡಿಮೆಯಾಗುತ್ತದೆ. ಮರುದಿನ ಬೆಳಗ್ಗೆ ಬಡ್ಡಿ ಸಮೇತ ಬರುತ್ತದೆ. ದಿನವೂ ಕುಡಿಯುವವರು ನಿಲ್ಲಿಸಿದರೆ 6ರಿಂದ 24 ತಾಸಿನೊಳಗೆ ನಡುಕ, ಬೆವರು, ಎದೆಬಡಿತ ಶುರುವಾಗುತ್ತದೆ. ದಡದಲ್ಲಿ ನಿತ್ಯ ಕುಡಿದು ಬೋಟು ಹತ್ತಿದವರಿಗೆ ಮೊದಲ ಎರಡು ದಿನ ‘ಪ್ಯಾನಿಕ್’ ಆಗುವುದು ಎಷ್ಟೋ ಸಲ ಇದೇ. ಇದರಲ್ಲಿ ಫಿಟ್ಸ್ ಬರುವ ಅಪಾಯವಿದೆ. ಆದ್ದರಿಂದ ಬಿಡುವ ಮೊದಲು ವೈದ್ಯರಿಗೆ ಹೇಳಿ, ಔಷಧದ ಆಸರೆಯಲ್ಲೇ ಬಿಡಬೇಕು.

ರಾತ್ರಿ ನಿದ್ದೆಯಿಂದಲೇ ಎಬ್ಬಿಸುತ್ತದೆ. ಕೆಟ್ಟ ಕನಸೇ?

ಕನಸು ನೆನಪಿರುವುದಿಲ್ಲ, ಧಡಕ್ಕನೆ ಎದ್ದು ಕೂರುತ್ತೀರಿ ಅಂದರೆ ಅದು ರಾತ್ರಿಯ ಪ್ಯಾನಿಕ್ ಅಟ್ಯಾಕ್ ಇರಬಹುದು. ಹಗಲಿನದ್ದಕ್ಕಿಂತ ಅಪಾಯಕಾರಿಯಲ್ಲ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದರೆ ಮಾತ್ರ ಸ್ಲೀಪ್ ಆಪ್ನಿಯಾ ಪರೀಕ್ಷೆ ಮಾಡಿಸಿ.

ಅಟ್ಯಾಕ್ ಬಂದಾಗ ಏನು ಮಾಡಬೇಕು?

ಹೃದಯದ ತಪಾಸಣೆ ಮುಗಿದಿದೆ, ಇದು ಪ್ಯಾನಿಕ್ ಎಂದು ವೈದ್ಯರು ಹೇಳಿದ್ದಾರೆ ಎಂದಿಟ್ಟುಕೊಂಡು ಹೇಳುತ್ತೇವೆ.

ಮೊದಲು ಗಡಿಯಾರ ನೋಡಿ, ಶುರುವಾದ ಹೊತ್ತು ನೆನಪಿಡಿ. ಇದ್ದಲ್ಲೇ ಇರಿ. ಹೊರಗೆ ಓಡಬೇಡಿ. ಓಡಿದಾಗ ಅಟ್ಯಾಕ್ ಇಳಿದರೆ, ಓಡಿದ್ದರಿಂದ ಬದುಕಿದೆ ಎಂದು ಮಿದುಳು ಕಲಿಯುತ್ತದೆ. ಕೂತಿದ್ದರೂ ಅಷ್ಟೇ ಹೊತ್ತಿಗೆ ಇಳಿಯುತ್ತಿತ್ತು.

ಆಮೇಲೆ ಉಸಿರು. ಎಲ್ಲರೂ ‘ದೀರ್ಘ ಉಸಿರು ತಗೊಳ್ಳಿ’ ಎನ್ನುತ್ತಾರೆ. ಇಲ್ಲೇ ತಪ್ಪಾಗುವುದು. ಈಗಾಗಲೇ ಹೆಚ್ಚು ಉಸಿರು ತೆಗೆದುಕೊಂಡವರು ಇನ್ನೂ ಎದೆಯುಬ್ಬಿಸಿ ಎಳೆದರೆ ಜೋಮು, ತಲೆಸುತ್ತು ಹೆಚ್ಚುತ್ತದೆ. ಮಾಡಬೇಕಾದದ್ದು ಉಸಿರು ಬಿಡುವ ಕೆಲಸ. ಮೊದಲು ಇದ್ದ ಗಾಳಿಯನ್ನು ನಿಧಾನಕ್ಕೆ ಬಿಡಿ. ಮೂಗಿನಿಂದ ಒಂದರಿಂದ ನಾಲ್ಕು ಎಣಿಸುವಷ್ಟು ಹೊತ್ತು ಸಣ್ಣಗೆ ಎಳೆಯಿರಿ. ಬಿಸಿ ಕಷಾಯ ಊದುವ ಹಾಗೆ ತುಟಿ ಸಣ್ಣ ಮಾಡಿ ಆರು ಎಣಿಸುವವರೆಗೆ ಬಿಡಿ. ಹೊಟ್ಟೆಯ ಮೇಲಿಟ್ಟ ಕೈ ಏಳಬೇಕು, ಎದೆಯ ಮೇಲಿನದ್ದು ಏಳಬಾರದು. ಮಿನಿಟಿಗೆ ಆರು ಉಸಿರಾಗುತ್ತದೆ, ಐದು ನಿಮಿಷ ಸಾಕು. ಇದನ್ನು ಅಟ್ಯಾಕ್ ಬಂದಾಗ ಮೊದಲ ಸಲ ಮಾಡಲು ಹೋದರೆ ಬರುವುದಿಲ್ಲ. ಆರಾಮಾಗಿದ್ದಾಗ ದಿನಕ್ಕೆ ಎರಡು ಹೊತ್ತು, ಎರಡು ವಾರ ಅಭ್ಯಾಸ ಮಾಡಬೇಕು. ಹೊಳೆಗೆ ಬಿದ್ದ ಮೇಲೆ ಈಜು ಕಲಿಯಲಾಗುವುದಿಲ್ಲ.

ಮೂರನೆಯದು, ತಡೆಯಲು ಹೋಗಬೇಡಿ. ‘ಬರಲಿ, ಎಷ್ಟು ಏರುತ್ತದೋ ನೋಡೋಣ’ ಎಂದು ಬಿಡುವುದು ಕಷ್ಟ, ಆದರೆ ಅದೇ ಸುಳಿಯನ್ನು ಕಡಿಯುವುದು. ತೆರೆ ಬಂದಾಗ ಎದೆಯೊಡ್ಡಿ ನಿಂತವರನ್ನು ಅದು ಉರುಳಿಸುತ್ತದೆ, ಮೈ ಸಡಿಲಬಿಟ್ಟವರನ್ನು ಎತ್ತಿ ಇಳಿಸುತ್ತದೆ ಎಂಬುದು ಕಾರವಾರ, ಗೋಕರ್ಣದ ಮಕ್ಕಳಿಗೂ ಗೊತ್ತು.

ಬಾಯಿಗೆ ಕಾಗದದ ಚೀಲ ಹಿಡಿಯಬಹುದಾ?

ಬೇಡ. ಅದು ಹಳೆಯ ಪದ್ಧತಿ. ನಿಜಕ್ಕೂ ಹೃದಯದ ಅಥವಾ ಶ್ವಾಸಕೋಶದ ತೊಂದರೆಯಾಗಿದ್ದರೆ ಆಮ್ಲಜನಕ ಕಡಿಮೆಯಾಗಿ ಜೀವಕ್ಕೇ ಅಪಾಯ. ಪ್ಲಾಸ್ಟಿಕ್ ಕೊಟ್ಟೆಯಂತೂ ಎಂದಿಗೂ ಬೇಡ.

ಮನೆಯವರು ಹತ್ತಿರ ಇದ್ದರೆ ಏನು ಮಾಡಬೇಕು?

ಸುತ್ತ ಮುತ್ತಿಕೊಳ್ಳಬೇಡಿ, ಒಬ್ಬರೇ ಇರಿ. ಕಣ್ಣ ಮಟ್ಟಕ್ಕೆ ಕೂತು ಮೆಲ್ಲಗೆ ಮಾತಾಡಿ: ‘ತಂಗೀ, ನಾ ಇಲ್ಲೇ ಇದ್ದೇನೆ. ಮೊನ್ನೆ ಬಂದದ್ದೇ ಇದು. ಇಳೀತದೆ. ನನ್ನ ಜೊತೆ ಉಸಿರು ಬಿಡು.’ ನೀವೇ ನಿಧಾನಕ್ಕೆ ಉಸಿರು ಬಿಡುತ್ತ ತೋರಿಸಿ. ಏದುಸಿರಿನಲ್ಲಿರುವಾಗ ಒತ್ತಾಯದಿಂದ ನೀರು ಕುಡಿಸಬೇಡಿ, ನೆತ್ತಿಗೇರುತ್ತದೆ. ‘ಎಲ್ಲಾ ನಿನ್ನ ಮನಸ್ಸಿನ ಭ್ರಮೆ’ ಎಂಬ ಮಾತು ಖಂಡಿತ ಬೇಡ. ಬಡಿತ ಭ್ರಮೆಯಲ್ಲ, ಕೈ ಹಿಡಿದು ಎಣಿಸಬಹುದಾದಷ್ಟು ನಿಜ.

ಇನ್ನೊಂದು, ಪ್ರೀತಿಯಿಂದಲೇ ಆಗುವ ತಪ್ಪು. ಸೊಸೆಗೆ ಅಟ್ಯಾಕ್ ಬರುತ್ತದೆಂದು ಅವಳನ್ನು ಒಬ್ಬಳೇ ಬಿಡದೆ, ಅಂಗಡಿಗೆ ಕಳಿಸದೆ, ಎಲ್ಲ ಕೆಲಸ ನೀವೇ ಮಾಡಿದರೆ ಅವಳ ಲೋಕ ಅಡುಗೆಮನೆಯಷ್ಟಕ್ಕೆ ಕುಗ್ಗುತ್ತದೆ. ಜೊತೆಗೆ ಹೋಗಿ, ಮೆಲ್ಲಗೆ ಹಿಂದೆ ಸರಿಯಿರಿ.

ಮೀನುಗಾರಿಕೆಗೆ ಹೋದಾಗ ನಡು ಸಮುದ್ರದಲ್ಲಿ ಬಂದರೆ?

ತಿರುಗಿ ಬರಲಾಗುವುದಿಲ್ಲ ಎಂಬ ಯೋಚನೆಯೇ ಇಲ್ಲಿ ಮುಖ್ಯ ಕಿಡಿ. ಹೊರಡುವ ಮೊದಲೇ ಬೋಟು ನಡೆಸುವ ತಾಂಡೇಲರಿಗೆ ಹೇಳಿಡಿ, ಮುಚ್ಚಿಟ್ಟಷ್ಟೂ ಹೆಚ್ಚುತ್ತದೆ. ಬಂದಾಗ ಬಲೆ ಎಳೆಯುವ ಯಂತ್ರ, ಹಗ್ಗ, ಬೋಟಿನ ಅಂಚು ಬಿಟ್ಟು ನಡುವೆ ಕೂರಿ. ದೂರದ ದಿಗಂತದ ಗೆರೆಯ ಮೇಲೆ ಕಣ್ಣಿಡಿ, ಸಮುದ್ರ ತಾಗಿದ ತಲೆಸುತ್ತೂ ಬೆರೆತಿದ್ದರೆ ಅದಕ್ಕೂ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬಂದ್ ಇರುವ ಎರಡು ತಿಂಗಳು ಚಿಕಿತ್ಸೆ ಶುರುಮಾಡಲು ಸರಿಯಾದ ಕಾಲ. ಆಗಸ್ಟಿಗೆ ಔಷಧ ಹಿಡಿತಕ್ಕೆ ಬಂದಿರುತ್ತದೆ.

2024ರ ಮಳೆಗಾಲದ ನಂತರ ಹೆದ್ದಾರಿಯಲ್ಲಿ, ಸೇತುವೆ ಮೇಲೆ ಹೋಗಲು ಹೆದರಿಕೆ. ಇದೂ ಕಾಯಿಲೆಯೇ?

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರ ಜೀವ ತೆಗೆಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರ, ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಇದಾದ ಮೇಲೆ ಜೋರು ಮಳೆಯಲ್ಲಿ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಲು ಹೆದರುವುದು ಕಾಯಿಲೆಯಲ್ಲ, ವಿವೇಕ. ರೆಡ್ ಅಲರ್ಟ್ ದಿನ ಪ್ರಯಾಣ ಮುಂದೂಡುವವರಿಗೆ ನಾವು ಚಿಕಿತ್ಸೆ ಹೇಳುವುದಿಲ್ಲ, ಸರಿ ಮಾಡಿದಿರಿ ಎನ್ನುತ್ತೇವೆ.

ಜನವರಿಯ ಬಿಸಿಲಿನಲ್ಲೂ ಸೇತುವೆ ದಾಟಲಾಗದೆ, ಕಾರವಾರದಿಂದ ಸದಾಶಿವಗಡಕ್ಕೆ ಹೋಗುವ ಕೆಲಸವನ್ನೇ ಬಿಟ್ಟಿದ್ದರೆ ಅದು ನೆರವು ಬೇಕಾದ ಹೆದರಿಕೆ. ಇನ್ನು ಆ ದಿನ ಸ್ಥಳದಲ್ಲಿದ್ದವರಿಗೆ, ತಮ್ಮವರನ್ನು ಕಳಕೊಂಡವರಿಗೆ ಆ ದೃಶ್ಯ ಕನಸಿನಲ್ಲಿ, ಎಚ್ಚರದಲ್ಲಿ ಮರುಕಳಿಸುತ್ತಿದ್ದರೆ ಅದು ಪ್ಯಾನಿಕ್‌ಗಿಂತ ಬೇರೆಯದೇ ಗಾಯ. ಅದಕ್ಕೆ ಬೇರೆ ಚಿಕಿತ್ಸೆ ಇದೆ, ತಜ್ಞರ ಬಳಿ ಹೋಗಿ.

ಹಾವು ಕಚ್ಚಿತು, ವಿಷದ್ದೋ ಅಲ್ಲವೋ ಗೊತ್ತಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ.

ಗಾಬರಿಯೋ ವಿಷವೋ ಎಂದು ಮನೆಯಲ್ಲಿ ಲೆಕ್ಕ ಹಾಕಬೇಡಿ. ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತದಾ ನೋಡುತ್ತಾರೆ, 24 ತಾಸು ಕಣ್ಣಿಡುತ್ತಾರೆ. ರೆಪ್ಪೆ ಜೋತುಬೀಳುವುದು, ನುಂಗಲಾಗದಿರುವುದು ಗಾಬರಿಯಿಂದ ಬರುವುದಿಲ್ಲ.

ಗಾಳಿ ಸೋಕಿದೆ ಎಂದು ಹಿರಿಯರು ಅನ್ನುತ್ತಾರೆ.

ಪ್ರಸಾದ ಕೇಳುವುದು, ನಿಂಬೆಹಣ್ಣು ನಿವಾಳಿಸುವುದು ಮನೆಯವರಿಗೆ ಧೈರ್ಯ ಕೊಟ್ಟರೆ ನಮ್ಮ ಆಕ್ಷೇಪ ಇಲ್ಲ. ದೇವರ ಕೆಲಸವೂ ಆಗಲಿ, ಡಾಕ್ಟರ ಕೆಲಸವೂ ಆಗಲಿ. ಹೊಡೆಯುವುದು, ಹೊಗೆ ಹಾಕುವುದು, ಊಟ ಬಿಡಿಸುವುದು, ಶುರುವಾದ ಮಾತ್ರೆ ನಿಲ್ಲಿಸುವುದು, ಇವಕ್ಕೆ ಮಾತ್ರ ಒಪ್ಪಬೇಡಿ. ಗಾಳಿ ಎಂಬ ಹೆಸರು ಅಂಟಿದ ಹುಡುಗಿಯ ಮದುವೆಯ ಮಾತು ಹೇಗೆ ತಿರುಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಹೆಸರನ್ನು ನೀವಾಗಿ ಕೊಡಬೇಡಿ.

ಮಾತ್ರೆ ಇಲ್ಲದೆ ಗುಣವಾಗುತ್ತದಾ?

ಬಹಳ ಜನರಿಗೆ ಆಗುತ್ತದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ ವಾರಕ್ಕೊಂದರಂತೆ ಸುಮಾರು 10–14 ಭೇಟಿ ಬೇಕು. ಅದರಲ್ಲಿ ಎರಡು ಮುಖ್ಯ ಕೆಲಸ.

ಒಂದು, ಹೆದರಿಸುವ ಲಕ್ಷಣವನ್ನು ಬೇಕೆಂದೇ ತರಿಸಿಕೊಳ್ಳುವುದು: ಒಂದು ನಿಮಿಷ ಇದ್ದಲ್ಲೇ ಓಡುವುದು, ಒಂದು ನಿಮಿಷ ತಿರುಗುವ ಕುರ್ಚಿಯಲ್ಲಿ ಸುತ್ತುವುದು, ಎಳನೀರಿನ ಸ್ಟ್ರಾದಲ್ಲಿ ಎರಡು ನಿಮಿಷ ಉಸಿರಾಡುವುದು. ಎದೆ ಹೊಡೆದುಕೊಂಡರೂ ಏನೂ ಆಗಲಿಲ್ಲ ಎಂದು ಮೈ ತಾನೇ ಕಲಿಯುತ್ತದೆ. ಹೃದ್ರೋಗ, ಆಸ್ತಮಾ, ಮೂರ್ಛೆರೋಗ ಇರುವವರು, ಬಸುರಿಯರು ಇದನ್ನು ವೈದ್ಯರ ಒಪ್ಪಿಗೆಯಿಲ್ಲದೆ ಮಾಡಬಾರದು.

ಎರಡು, ಬಿಟ್ಟ ಜಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮರಳುವುದು. ಶಿರಸಿಯವರೊಬ್ಬರಿಗೆ ದೇವಿಮನೆ ಘಟ್ಟದ ಬಸ್ಸು ಆಗುವುದಿಲ್ಲ ಎಂದುಕೊಳ್ಳಿ. ಮಳೆಗಾಲ ಬಿಟ್ಟು, ರಸ್ತೆ ಸರಿಯಿರುವಾಗ ಶುರು. ಮೊದಲ ವಾರ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಕುಮಟಾ ಬಸ್ಸಿನೊಳಗೆ ಹತ್ತು ನಿಮಿಷ ಕೂತು ಇಳಿಯುವುದು. ಆಮೇಲೆ ಹನುಮಂತಿಯವರೆಗೆ, ಆಮೇಲೆ ರಾಗಿಹೊಸಳ್ಳಿಯವರೆಗೆ, ಗೆಳೆಯರ ಜೊತೆ. ಅದೇ ದಾರಿ ಒಬ್ಬರೇ. ಆಮೇಲೆ ಘಟ್ಟ ಇಳಿದು ಕತಗಾಲ, ಕೊನೆಗೆ ಕುಮಟಾ. ಪ್ರತಿ ಮೆಟ್ಟಿಲಲ್ಲಿ ಹೆದರಿಕೆಗೆ 10ಕ್ಕೆ ಎಷ್ಟು ಅಂಕ ಎಂದು ಬರೆದುಕೊಳ್ಳಿ. 7 ಇದ್ದದ್ದು 3ಕ್ಕೆ ಬಾರದೆ ಮುಂದಿನ ಮೆಟ್ಟಿಲಿಗೆ ಹೋಗಬೇಡಿ. ವಾರಕ್ಕೊಮ್ಮೆ ಮಾಡಿದರೆ ನಿಲ್ಲುವುದಿಲ್ಲ, ನಾಲ್ಕೈದು ಸಲವಾದರೂ ಬೇಕು. ಕಿಸೆಯಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಕಿಟಕಿ ಪಕ್ಕದ ಸೀಟೇ ಬೇಕು ಎಂಬ ಹಟ, ಇವೆಲ್ಲ ಊರುಗೋಲು. ಕೊನೆಯ ಹಂತದಲ್ಲಿ ಅವನ್ನೂ ಬಿಡಬೇಕು. ಬಿಡದಿದ್ದರೆ ಬದುಕಿದ್ದು ಬಾಟಲಿಯಿಂದ ಎಂದೇ ಉಳಿಯುತ್ತದೆ.

ಮಾತ್ರೆ ಕೊಟ್ಟಿದ್ದಾರೆ. ಎಷ್ಟು ಕಾಲ? ಅಭ್ಯಾಸ ಆಗುತ್ತದಾ?

ಎರಡು ಬಗೆಯ ಮಾತ್ರೆಗಳಿವೆ, ಗೊಂದಲ ಆಗುವುದು ಇಲ್ಲೇ. ಎಸ್ಸಿಟಲೊಪ್ರಾಮ್, ಸೆರ್ಟ್ರಲಿನ್ ಮುಂತಾದವು ಮೂಲ ಚಿಕಿತ್ಸೆ. ಇವಕ್ಕೆ ಚಟ ಹತ್ತುವುದಿಲ್ಲ. ಪ್ಯಾನಿಕ್ ಇರುವವರಿಗೆ ಕಡಿಮೆ ಪ್ರಮಾಣದಿಂದ, ಎಸ್ಸಿಟಲೊಪ್ರಾಮ್ 5 ಅಥವಾ ಸೆರ್ಟ್ರಲಿನ್ 25 ಮಿಲಿಗ್ರಾಂನಿಂದ ಶುರುಮಾಡಿ ಏರಿಸುವುದು ರೂಢಿ. ಮೊದಲ ಒಂದೆರಡು ವಾರ ಚಡಪಡಿಕೆ, ಹೊಟ್ಟೆ ತೊಳಸುವುದು ಹೆಚ್ಚಾಗಬಹುದು. ಹೆಚ್ಚಿನವರು ‘ಈ ಮಾತ್ರೆ ನನಗಾಗುವುದಿಲ್ಲ’ ಎಂದು ಬಿಡುವುದು ಆಗಲೇ. ಗುಣ ಕಾಣುವುದು 2ರಿಂದ 6 ವಾರಕ್ಕೆ. ಗುಣವಾದ ಮೇಲೂ 6ರಿಂದ 12 ತಿಂಗಳು ಮುಂದುವರಿಸಿ, ಮೆಲ್ಲಗೆ ಇಳಿಸಿ ನಿಲ್ಲಿಸುತ್ತಾರೆ. 25ರೊಳಗಿನವರಿಗೆ ಶುರುವಿನಲ್ಲಿ ಸಾಯುವ ಯೋಚನೆ ಬಂದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು.

ಅಲ್ಪ್ರಾಝೋಲಾಮ್, ಕ್ಲೊನಾಜೆಪಾಮ್ ಇನ್ನೊಂದು ಬಗೆ. ಅರ್ಧ ತಾಸಿನಲ್ಲಿ ಹಾಯೆನಿಸುತ್ತದೆ, ಕೆಲವೇ ವಾರದಲ್ಲಿ ಅಂಟಿಕೊಳ್ಳುತ್ತದೆ. ಮೊದಲ ಎರಡು ಮೂರು ವಾರದ ಆಸರೆಗೆ ಮಾತ್ರ ಇರಲಿ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರುವುದು, ಪಕ್ಕದ ಮನೆಯವರಿಗೆ ‘ನಿದ್ದೆ ಮಾತ್ರೆ’ ಎಂದು ಒಂದೆರಡು ಕೊಡುವುದು ಬೇಡ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ನೀವಾಗಿ ದಿಢೀರ್ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಹೆಂಡದ ಜೊತೆ ತೆಗೆದುಕೊಂಡರೆ ಉಸಿರೇ ನಿಲ್ಲುವ ಅಪಾಯ.

ಇಲ್ಲಿ ಬರೆದ ಪ್ರಮಾಣ ನಿಮ್ಮ ಚೀಟಿಯನ್ನು ಅರ್ಥ ಮಾಡಿಕೊಳ್ಳಲು. ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ತರಲು ಅಲ್ಲ.

ಇಲ್ಲಿ ಯಾರಿಗೆ ತೋರಿಸಬೇಕು?

ಮೊದಲು 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ. ಘಟ್ಟದ ಮೇಲಿನ ಒಂಟಿ ಮನೆಯಲ್ಲಿ ನಡುರಾತ್ರಿ ಹೆದರಿ ಕೂತವರಿಗೆ ಇದಕ್ಕಿಂತ ಹತ್ತಿರದ್ದು ಇಲ್ಲ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗಕ್ಕೆ ತೋರಿಸಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಯೇ ಹೊರಡಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಘಟ್ಟದ ಮೇಲಿನವರಿಗೆ ಅನುಕೂಲ.

ಡಾಕ್ಟರ ಎದುರು ಕೂತಾಗ ಎಲ್ಲ ಮರೆತುಹೋಗುತ್ತದೆ. ಏನು ಹೇಳಬೇಕು?

ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬಂದ ದಿನ, ಹೊತ್ತು, ಎಲ್ಲಿದ್ದಿರಿ, ಎಷ್ಟು ನಿಮಿಷ, ನಾಡಿ ಎಷ್ಟಿತ್ತು. ಅದಕ್ಕೆ ಮೊದಲ ಆರು ತಾಸಿನಲ್ಲಿ ತಿಂದದ್ದು, ಕುಡಿದದ್ದು, ಕವಳ. ಆ ಕ್ಷಣಕ್ಕೆ ತಲೆಯಲ್ಲಿ ಬಂದ ಮೊದಲ ಯೋಚನೆ. ಬಿಟ್ಟುಬಿಟ್ಟ ಜಾಗ ಮತ್ತು ಕೆಲಸಗಳು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ ಒಯ್ಯಿರಿ, ನಾಟಿ ಔಷಧವಾದರೂ ಸರಿ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗುತ್ತಿತ್ತಾ ಎಂದು ಅಮ್ಮನನ್ನೋ ದೊಡ್ಡಮ್ಮನನ್ನೋ ಕೇಳಿಕೊಂಡು ಹೋಗಿ. ಹೆಂಗಸರು ಮುಟ್ಟಿನ ದಿನಾಂಕ, ಬಸುರಿಯಾಗಿರುವ ಸಾಧ್ಯತೆ, ಎದೆಹಾಲು ಕುಡಿಸುತ್ತಿದ್ದರೆ ಅದನ್ನೂ ಬರೆಯಿರಿ. ಮಾತ್ರೆ ಆರಿಸುವಾಗ ಅದು ಬೇಕಾಗುತ್ತದೆ. ಹಳೆಯ ಫೈಲಿನಿಂದ ಕೊನೆಯ ಇಸಿಜಿ ಮತ್ತು ಥೈರಾಯ್ಡ್ ರಿಪೋರ್ಟು, ಎರಡೇ ಹಾಳೆ ಮೇಲೆ ಇಡಿ.